ನಕಾಶೆಗೆ ಬಟ್ಟೆಯ ಬೆನ್ನು

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ವಳಸಂಗದಂಥ ಊರುಗಳಲ್ಲಿ ಕನ್ನಡ ಶಾಲೆಗೊಂದು ನಕಾಶೆ ಬೇಕಾದರೆ ಅದು ಪೇಟೆಗೆ ಹೋಗಿ ಕೊಂಡು ತರುವಷ್ಟು ಸುಲಭವಲ್ಲ. ಸಾಂಗಲಿ, ಮಿರಜದ ಅಂಗಡಿಗಳಲ್ಲಿ ಸಿಗುವುದು ಮರಾಠಿಯದು. ವಿಜಯಪುರದಿಂದ ಕನ್ನಡದ್ದನ್ನು ತರಿಸಿದರೆ ಅದು ಕರ್ನಾಟಕದ ನಕಾಶೆ. ಅದರಲ್ಲಿ ಜತ್ತ ಗಡಿಗೆರೆಯ ಆಚೆಗಿನ ಖಾಲಿ ಜಾಗ. 1956ರಿಂದ ಗಡಿಗೆರೆಯ ಆಚೆಗಿರುವ ಕಾಸರಗೋಡಿನ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ 'ಜತ್ತ' ಮರಾಠಿಯಲ್ಲಿ ಒತ್ತು ಕಳೆದುಕೊಂಡು 'ಜತ' ಆಗುತ್ತದೆ, ನಿಮ್ಮ ಮಂಜೇಶ್ವರ ಮಲೆಯಾಳದಲ್ಲಿ 'ಮಂಜೇಶ್ವರಂ' ಆಗುತ್ತದೆ.

ಆದುದರಿಂದ ಊರ ನಕಾಶೆಯನ್ನು ನಾವು ಮಕ್ಕಳಿಂದಲೇ ಬರೆಯಿಸುತ್ತೇವೆ. ತಲಾಠಿಯವರಲ್ಲಿರುವ ಗ್ರಾಮ ನಕಾಶೆಯ ಗೆರೆಗಳನ್ನು ಇಳಿಸಿಕೊಂಡು ಊರ ಸುತ್ತ ನಡೆದು ಹಳ್ಳ, ಬಾವಿ, ಗುಡಿ, ಬಂಡಿದಾರಿಗಳನ್ನು ತುಂಬುವುದು. ಸರಕಾರಿ ನಕಾಶೆಯಲ್ಲಿ ಇರುವುದು ಗಟ್ ನಂಬರುಗಳು. ಹೊಲಗಳಿಗೆ ಹಿರಿಯರು ಇಟ್ಟ ಕನ್ನಡ ಹೆಸರುಗಳು ಈ ಮಕ್ಕಳ ಹಾಳೆಯಲ್ಲಿ ಮಾತ್ರ ಇವೆ. ಪ್ರತಿ ಒಂದೇ. ಕಪಾಟಿನಲ್ಲಿಟ್ಟರೆ ಉಳಿದೀತು, ಆದರೆ ಬಯಲಿಗೆ ಒಯ್ಯದ ನಕಾಶೆಯಿಂದ ಭೂಗೋಳ ಕಲಿಸುವುದು ಹೇಗೆ? ಒಯ್ಯಲೇಬೇಕು, ಒಯ್ದು, ಉಳಿಸಿಕೊಂಡು ತರಲೂ ಬೇಕು.

ನಮ್ಮ ಕಡೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ, ಕಾಸರಗೋಡಿನಲ್ಲಿ 3,500ರಷ್ಟು. ಹಾಗೆಂದು ಒಣನಾಡಿನ ನಕಾಶೆ ಸುಖವಾಗಿದೆಯೆಂದು ತಿಳಿಯಬಾರದು. ಬಿಸಿಲಿಗೆ ಕಾಗದ ಗರಿಗರಿಯಾಗಿ ಮಡಿಕೆಯಲ್ಲಿ ಮುರಿಯುತ್ತದೆ, ಮಡಿಕೆಯೊಳಗೆ ಸೇರಿದ ಧೂಳು ಉಜ್ಜುಕಾಗದದಂತೆ ಅಕ್ಷರಗಳನ್ನು ತಿನ್ನುತ್ತದೆ, ಅಂಗೈ ಬೆವರು ಉಳಿದುದನ್ನು ಮುಗಿಸುತ್ತದೆ. ಎಲ್ಲಕ್ಕಿಂತ ಮೊದಲು ಹರಿಯುವುದು ಅಡ್ಡಮಡಿಕೆಯೂ ಉದ್ದಮಡಿಕೆಯೂ ಕೂಡುವ ಮೂಲೆ.

ತೇವದಿಂದ ಇನ್ನೊಂದು ತೊಂದರೆಯಿದೆ. ಕಾಗದದ ನಾರು ನೀರು ಕುಡಿದು ದಪ್ಪವಾಗುತ್ತದೆ, ಹಾಳೆ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಮೀಟರು ಅಗಲದ ಹಾಳೆ ಕೆಲವು ಮಿಲಿಮೀಟರು ಬೆಳೆಯುವುದುಂಟು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಹಾಳೆಯಲ್ಲಿ ಒಂದು ಮಿಲಿಮೀಟರು ಎಂದರೆ ನೆಲದ ಮೇಲೆ 50 ಮೀಟರು. ನಕಾಶೆಯ ಕೆಳಗೆ ಅಳತೆಪಟ್ಟಿಯನ್ನು ಗೆರೆಯಾಗಿಯೇ ಎಳೆದಿರುವ ಗುಣ ಇಲ್ಲಿ ತಿಳಿಯುತ್ತದೆ: ಕಾಗದ ಹಿಗ್ಗಿದರೆ ಆ ಗೆರೆಯೂ ಜೊತೆಗೆ ಹಿಗ್ಗುತ್ತದೆ. ಅಂಕಿಯಲ್ಲಿ ಬರೆದ ಪ್ರಮಾಣ ಹಿಗ್ಗದು. ಮಕ್ಕಳು ಬರೆಯುವ ನಕಾಶೆಗೂ ಅಳತೆಪಟ್ಟಿ ಎಳೆಯಿಸಿರಿ.

ಬರೆಯುವ ಮಸಿಯೂ ಮುಖ್ಯ. ಪೆನ್ನಿನ ನೀಲಿ ಶಾಯಿ, ಸ್ಕೆಚ್ ಪೆನ್ನು, ಬಹುಪಾಲು ಜೆಲ್ ಪೆನ್ನುಗಳು ಒಂದು ಹನಿಗೆ ಕದಡುತ್ತವೆ. ಪೆನ್ಸಿಲು, ಬಾಲ್‌ಪೆನ್ನು, ಒಣಗಿದ ಇಂಡಿಯನ್ ಇಂಕು ನಿಲ್ಲುತ್ತವೆ. ಮುದ್ರಿಸಿ ತಂದ ಪ್ರತಿಯಾದರೆ ಲೇಸರ್ ಯಂತ್ರದ್ದಾಗಿರಲಿ.

ಇನ್ನು ಬಟ್ಟೆ ಹಚ್ಚುವ ಕೆಲಸ. ಹಳೆಯ ಗೋಡೆ ನಕಾಶೆಗಳು ಬಾಳಿದ್ದು ಬೆನ್ನಿಗಿದ್ದ ಬಟ್ಟೆಯಿಂದಲೇ. ಮಾದರಪಾಟ ಬಟ್ಟೆಯನ್ನು ತೊಳೆದು ಗಂಜಿ ತೆಗೆದು ಒಣಗಿಸಬೇಕು, ಇಲ್ಲವಾದರೆ ಆಮೇಲೆ ಕುಗ್ಗಿ ಹಾಳೆಯನ್ನು ಸುಕ್ಕುಗೊಳಿಸುತ್ತದೆ. ಅದನ್ನು ಮೇಜಿನ ಮೇಲೆ ಬಿಗಿದು ಮೈದಾ ಅಂಟನ್ನು ತೆಳ್ಳಗೆ ಸವರಬೇಕು. ಹುಳ ಬೀಳದಂತೆ ಪುಸ್ತಕ ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ; ಅದು ವಿಷ, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಮಸಿ ಕದಡುವುದಿಲ್ಲವೆಂದು ಒಂದು ಮೂಲೆಯಲ್ಲಿ ನೋಡಿಕೊಂಡು ನಕಾಶೆಯ ಹಿಂಬದಿಗೆ ತುಸು ನೀರು ತಾಗಿಸಿ, ಅದು ಹಿಗ್ಗಿದ ಮೇಲೆ ಬಟ್ಟೆಯ ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಬೇಕು. ಒಣಗಿಸುವುದು ನೆರಳಿನಲ್ಲಿ. ಮಡಚುವ ನಕಾಶೆಯಾದರೆ ಮೊದಲೇ ಅದನ್ನು ಆಯತದ ತುಂಡುಗಳಾಗಿ ಕತ್ತರಿಸಿ, ನಡುವೆ ಎರಡು ಮೂರು ಮಿಲಿಮೀಟರು ಬಿಟ್ಟು ಹಚ್ಚುವುದು. ಮಡಿಕೆ ಬಟ್ಟೆಯ ಮೇಲೆ ಬೀಳುತ್ತದೆ, ಕಾಗದದ ಮೇಲಲ್ಲ. ಹಳೆಯ ಕಾಲದ ಮೋಜಣಿದಾರರು, ದಂಡಿನವರು ಜೇಬಿನಲ್ಲಿಟ್ಟು ತಿರುಗಿದ ನಕಾಶೆಗಳು ಹೀಗೇ ಇದ್ದವು. ಒಂದೇ ಪ್ರತಿಯಿರುವ ಹಾಳೆಗೆ ಮಾತ್ರ ಕತ್ತರಿ ತಾಗಿಸದೆ ಸುರುಳಿಯಾಗಿ ಸುತ್ತಿ, ಎರಡೂ ಬಾಯಿಗೆ ಮುಚ್ಚಳವಿರುವ ಪಿ.ವಿ.ಸಿ. ಕೊಳವೆಯಲ್ಲಿ ಒಯ್ಯುವುದು ಲೇಸು.

ಈಗ ಎಲ್ಲರೂ ಹೇಳುವುದು ಲ್ಯಾಮಿನೇಶನ್. ಮತ್ತೆ ಮುದ್ರಿಸಿಕೊಳ್ಳಬಹುದಾದ ಹಾಳೆಗೆ ಅದು ಚೆನ್ನಾಗಿಯೇ ಇದೆ. ಕೈಬರಹದ ನಕಾಶೆಗೆ ನಾವು ಒಪ್ಪುವುದಿಲ್ಲ. ಒಮ್ಮೆ ಅಂಟಿಸಿದ್ದನ್ನು ಕಾಗದಕ್ಕೆ ಕೇಡಾಗದಂತೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಅಂಚು ಬಿಟ್ಟಲ್ಲಿ ನೀರು ಒಳನುಗ್ಗಿದರೆ ಹೊರಬರಲು ದಾರಿಯಿಲ್ಲ. ಸೆಲೋಟೇಪಂತೂ ಬೇಡವೇ ಬೇಡ. ಅದು ಹಳದಿಯಾಗಿ ಉದುರಿದ ಮೇಲೂ ಕಲೆ ಹೋಗದು. ಹರಿದಲ್ಲಿಗೆ ಹಿಂಬದಿಯಿಂದ ತೆಳು ಬಿಳಿ ಕಾಗದ, ಅದೇ ಮೈದಾ ಅಂಟು ಸಾಕು. ಬಯಲಿನಲ್ಲಿ ಮಳೆಹನಿಗೆ ಪಾಲಿಥೀನ್ ಹೊದಿಕೆಯಿರಲಿ, ಆದರೆ ಮನೆಗೆ ಬಂದೊಡನೆ ತೆಗೆದು ಹರವಬೇಕು. ತೇವದ ನಕಾಶೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ; ಆಷಾಢದ ಕಾಸರಗೋಡಿನಲ್ಲಿ ಇದಕ್ಕೆ ಬಹಳ ದಿನ ಬೇಡ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಷ್ಟಿಗಲ್ಲ.

ಇನ್ನೊಂದು ಸಣ್ಣ ಸಂಗತಿ. ಊರ ನಕಾಶೆಯಲ್ಲಿ ಮೊದಲು ಸವೆಯುವುದು ಶಾಲೆಯಿರುವ ಜಾಗ. ಪ್ರತಿ ಹುಡುಗನೂ ಅಲ್ಲಿ ಬೆರಳಿಟ್ಟು ಅಲ್ಲಿಂದಲೇ ತನ್ನ ಮನೆಗೆ ಹೋಗುತ್ತಾನೆ. ತೋರಿಸಲು ಜೋಳದ ದಂಟೊಂದನ್ನು ಕೊಟ್ಟರೆ ಕೆಲಸ ನಡೆಯುತ್ತದೆ.

ಮೊಬೈಲಿನಲ್ಲಿ ನಕಾಶೆಯಿರುವಾಗ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಸರ್ವೇಕ್ಷಣ ಇಲಾಖೆಯೂ 2017ರಲ್ಲಿ ತನ್ನ ಹಾಳೆಗಳನ್ನು ಜಾಲತಾಣದ ಮೂಲಕ ಉಚಿತವಾಗಿ ಕೊಡತೊಡಗಿತು. ಜತ್ತ 47ನೆಯ ಸಂಖ್ಯೆಯ ಹಾಳೆಗಳಲ್ಲಿ, ಕಾಸರಗೋಡು ಅದರ ಕೆಳಗಿನ 48ರಲ್ಲಿ ಬರುತ್ತವೆ. ತರಿಸಿಕೊಳ್ಳಿರಿ, ಉಪಯುಕ್ತವಾದುವು. ಆದರೆ ಊರ ಹೆಸರುಗಳು ಅವುಗಳಲ್ಲಿ ಇಂಗ್ಲಿಷಿನಲ್ಲಿವೆ, ಹೊಲದ ಹೆಸರುಗಳು ಇಲ್ಲವೇ ಇಲ್ಲ. ಕೈಬರಹದ ನಕಾಶೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡುವುದು ಬೇರೆ, ಅದನ್ನು ಈ ವಾರವೇ ಮಾಡಬಹುದು. ಜೊತೆಗೆ, ಹಾಳೆ ಪೂರ್ತಿ ಸವೆಯುವ ಮುನ್ನ, ಹೆಸರು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಕ್ಕಳಿಂದ ಎರಡನೆಯ ಪ್ರತಿ ತೆಗೆಯಿಸಬೇಕು.