ಗೋಮಯಾನಿಲ ಕುಂಡದ ಪ್ರಮಾಣ ವಿಚಾರ

ಗೋಬರ್ ಅನಿಲವೆಂಬ ರೂಢಿಯ ಹೆಸರು ತುಸು ಮೋಸಗೊಳಿಸುವಂಥದು. ಹಿಂದಿಯ ಗೋಬರ್ ಕನ್ನಡದ ಸಗಣಿ. ಅನಿಲವೋ ಪೂರ್ವಕವಿಗಳಲ್ಲಿ ಬರಿಯ ಗಾಳಿ, ಇಂದಿನ ಪರಿಭಾಷೆಯಲ್ಲಿ ವಾಯುರೂಪದ ಪದಾರ್ಥಗಳೆಲ್ಲಕ್ಕೂ ಸಲ್ಲುವ ಮಾತು. ಹೆಸರಿನಲ್ಲಿ ಸಗಣಿಯೊಂದೇ ಇದ್ದರೂ ಅಡಿಗೆಮನೆಯ ಉಚ್ಛಿಷ್ಟ ಮತ್ತು ಶೌಚಗೃಹದ ಮಲ ಇವೂ ಗಾಳಿಯಾಡದ ಕುಂಡದಲ್ಲಿ ಕೊಳೆತು, ಉರಿಯತಕ್ಕ ಮಿಥೇನನ್ನೇ ಕೊಡುತ್ತವೆ.

ಕುಂಡವನ್ನು ಕಟ್ಟುವವರು ಸಾಮಾನ್ಯವಾಗಿ ಹಟ್ಟಿಯ ದನಗಳನ್ನೆಣಿಸಿಯೋ ಒಲೆಯ ಅಗತ್ಯವನ್ನು ನೋಡಿಯೋ ಅದರ ಅಳತೆಯನ್ನು ನಿಶ್ಚಯಿಸುತ್ತಾರೆ. ಇವೆರಡೂ ಸಾಲವು. ದಿನವೂ ಕುಂಡದ ಬಾಯಿಗೆ ನಿಜವಾಗಿ ಬಂದು ಸೇರುವ ಸಗಣಿಯೆಷ್ಟು, ಅದರೊಡನೆ ಇಳಿಯುವ ನೀರೆಷ್ಟು ಎಂಬುದೇ ಲೆಕ್ಕದ ಮೂಲವು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೊದಲು ಊರಿಗೆಲ್ಲ ಅಡಿಗೆಯ ಅನಿಲವನ್ನೊದಗಿಸಲು ಯತ್ನಿಸಿದರು. ಊರಿನ ಸಗಣಿ ಅದಕ್ಕೆ ಸಾಲದೆ ಹೋಯಿತು. ಬಳಿಕ 1987ರಲ್ಲಿ ಅದೇ ಅನಿಲದಿಂದ ಎಂಜಿನನ್ನು ನಡೆಯಿಸಿ, ದೀಪಕ್ಕೂ ನೀರೆತ್ತುವುದಕ್ಕೂ ಬಳಸುವ ಏರ್ಪಾಡಾಯಿತು.

ಐದು ಜನರೂ ನಾಲ್ಕು ದನಗಳೂ ಇರುವ ಒಂದು ಮನೆಯನ್ನು ಉದಾಹರಿಸಬಹುದು. ಕಟ್ಟಿ ಮೇಯಿಸಿದ ದನವೊಂದು ದಿನಕ್ಕೆ ಸುಮಾರು 10 ಕಿಲೋ ಸಗಣಿಯನ್ನು ಕೊಡುವುದು. ಹಗಲೆಲ್ಲ ಬಯಲಿನಲ್ಲಿ ಮೇಯುವುದಾದರೆ ಅರ್ಧವು ಅಲ್ಲಿಯೇ ಉಳಿಯುವುದರಿಂದ, ಕೈಗೆ ಬರುವುದು 40 ಕಿಲೋ ಅಲ್ಲ, 20. ಕಿಲೋ ಒಂದಕ್ಕೆ 36ರಿಂದ 40 ಲೀಟರಿನಂತೆ ದೊರೆಯುವ ಅನಿಲ ಹೆಚ್ಚೆಂದರೆ 800 ಲೀಟರು. ಆಳೊಂದಕ್ಕೆ ಸುಮಾರು 240 ಲೀಟರಿನಂತೆ ಅಡಿಗೆಗೆ ಬೇಕಾದುದು 1200. ಎರಡು ಕಿಲೋ ಅನ್ನತರಕಾರಿಗಳ ಶೇಷವೂ ಐವರ ಮಲವೂ ಸೇರಿದರೆ ಈ ಕೊರತೆಯು ಬಹುಮಟ್ಟಿಗೆ ತುಂಬುತ್ತದೆ. ಅನ್ನದ ಶೇಷವು ತೂಕಕ್ಕೆ ತೂಕ ಸಗಣಿಗಿಂತ ಹೆಚ್ಚು ಅನಿಲವನ್ನು ಕೊಡುವುದು ದಿಟ. ಆದರೆ ಅದನ್ನು ಒಮ್ಮೆಗೇ ಸುರಿದರೆ ಕುಂಡವು ಹುಳಿಯಾಗಿ, ಮಿಥೇನನ್ನುಂಟುಮಾಡುವ ಸೂಕ್ಷ್ಮಜೀವಿಗಳು ಕೆಲಸವನ್ನೇ ನಿಲ್ಲಿಸುತ್ತವೆ.

ಇನ್ನು ಕುಂಡದ ಗಾತ್ರ. ಸಗಣಿಗೆ ಸಮನಾಗಿ ನೀರು ಬೆರೆಸಿದರೆ ದಿನಕ್ಕೆ 40 ಲೀಟರು ಬಗ್ಗಡವಾಯಿತು. ಅದು ಒಳಗೆ 40 ದಿನ ನಿಲ್ಲಬೇಕಾದರೆ 1600 ಲೀಟರಿನ ಅವಕಾಶ ಬೇಕು. ಬೆಚ್ಚನೆಯ ಸೀಮೆಯಲ್ಲಿ 30 ದಿನವೂ ಸಾಕು; ಹಿಮಾಲಯದ ಚಳಿನಾಡುಗಳಲ್ಲಿ 55 ದಿನದ ಲೆಕ್ಕ ಹಿಡಿಯುವುದುಂಟು. ಲೆಕ್ಕವು ಕೆಡುವುದು ಬಹುಶಃ ಶೌಚಗೃಹದ ನೀರಿನಿಂದ. ಆಳಿಗೆ 10 ಲೀಟರಿನಂತೆ 50 ಲೀಟರು ನೀರು ಇದೇ ಕುಂಡಕ್ಕಿಳಿದರೆ ದಿನದ ಬಗ್ಗಡ 90 ಲೀಟರಾಗಿ, 40 ದಿನದ ವಾಸವು ಹದಿನೆಂಟಕ್ಕಿಳಿಯುತ್ತದೆ. ಅರೆಕೊಳೆತ ಪದಾರ್ಥವು ಅನಿಲವನ್ನು ಬಿಟ್ಟುಕೊಡುವ ಮುನ್ನವೇ ಹೊರಕ್ಕೆ ಕೊಚ್ಚಿಹೋಗುತ್ತದೆ. ರೋಗಬೀಜಗಳೂ ಸಾಯದೆ ಗೊಬ್ಬರದೊಡನೆ ಹೊಲವನ್ನು ಸೇರುವ ಭಯವುಂಟು. ಆದುದರಿಂದ ಶೌಚವನ್ನು ಜೋಡಿಸುವ ಮನೆಯವರು ನೀರನ್ನು ಮಿತಗೊಳಿಸಿ, ಆ ನೀರಿನಿಂದಲೇ ಸಗಣಿಯ ನೀರನ್ನು ಕಳೆಯಬೇಕು. ಇಲ್ಲವೇ ಕುಂಡವನ್ನು ಇಮ್ಮಡಿಗೊಳಿಸಬೇಕು. ಸ್ನಾನದ ನೀರನ್ನಂತೂ ಅತ್ತ ಸುಳಿಯಗೊಡಬಾರದು.

ಅನಿಲವು ಹಗಲಿರುಳೂ ಹುಟ್ಟುತ್ತಿದ್ದರೂ ಒಲೆ ಉರಿಯುವುದು ಬೆಳಿಗ್ಗೆ ಸಂಜೆ ಮಾತ್ರ. ಆ ನಡುವಿನ ಹೊತ್ತಿಗಾಗಿ, ದಿನದ ಉತ್ಪತ್ತಿಯ ಸುಮಾರು ಅರ್ಧವನ್ನು ಹಿಡಿಯುವ ಅನಿಲಕೋಶವು ಕುಂಡದ ಮೇಲಿರಬೇಕು.