ಬುಕಾನನ್ ಕಂಡ ಕೊಡಿಯಾಲ, ಇಂದಿನ ಮಂಗಳೂರು

ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮದರಾಸಿನಿಂದ ಹೊರಟ ವೈದ್ಯ, ಸಸ್ಯವಿಜ್ಞಾನಿ ಫ್ರಾನ್ಸಿಸ್ ಬುಕಾನನ್ ಅವರು ಯುದ್ಧದ ಗಾಯ ಇನ್ನೂ ಮಾಯದಿದ್ದ ಶ್ರೀರಂಗಪಟ್ಟಣವನ್ನೂ ಮೇಲುಕೋಟೆಯ ಬೆಟ್ಟವನ್ನೂ ಕಂಡು, ಮರುವರ್ಷ ಮಲಬಾರಿನ ಮಾರ್ಗವಾಗಿ ಮಂಗಳೂರನ್ನು ತಲುಪಿದರು. ಸ್ಥಳೀಯರು ಕೊಡಿಯಾಲ ಬಂದರು ಎನ್ನುತ್ತಿದ್ದ ಆ ಊರಿನಿಂದ ಮುಖ್ಯವಾಗಿ ಅಕ್ಕಿಯೂ ಅದರೊಡನೆ ಅಡಿಕೆ, ಮೆಣಸು ಮತ್ತು ಘಟ್ಟದ ಮೇಲಿನ ಶ್ರೀಗಂಧವೂ ಹಡಗೇರುತ್ತಿದ್ದವೆಂದು ಅವರು ದಾಖಲಿಸಿದ್ದು, ಈ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ದುಭಾಷಿಗಳ ಮೂಲಕವೇ ಜನರ ಮಾತನ್ನು ಕೇಳಿದ ಪ್ರವಾಸಿಯ ನೋಟಕ್ಕೆ ಮಿತಿಗಳಿದ್ದರೂ, ಅಳಿವೆಯ, ಅಂದರೆ ನದಿ ಕಡಲನ್ನು ಸೇರುವ ಬಾಯಿಯ, ಆಳ ಕಡಿಮೆಯಾಗಿ ದೊಡ್ಡ ಹಡಗುಗಳು ಒಳಬರಲಾರವೆಂಬ ಅವರ ಗ್ರಹಿಕೆ ಅತ್ಯಂತ ಬೆಲೆಯುಳ್ಳದ್ದು. ಏಕೆಂದರೆ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ತಂದೊಡ್ಡುವ ಮರಳಿನ ಈ ತೊಡಕೇ ಮುಂದೆ ನಗರವನ್ನು ಉತ್ತರಕ್ಕೆ ಎಳೆಯಿತು.

ನದಿದಂಡೆಯ ಜೇಡಿಮಣ್ಣನ್ನು ನಂಬಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು, 1907ರಲ್ಲಿ ರೈಲು ಬಂದಿತು. ಆದರೆ ನಗರದ ಸ್ವರೂಪವನ್ನೇ ಬದಲಿಸಿದ್ದು ಪಣಂಬೂರಿನಲ್ಲಿ ನೆಲವನ್ನು ಅಗೆದು ಕಡಲನ್ನು ಒಳಕ್ಕೆ ಕರೆತಂದ ನವಮಂಗಳೂರು ಬಂದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಬಳಿಕ ರಸಗೊಬ್ಬರ, ತೈಲ ಶುದ್ಧೀಕರಣ ಮುಂತಾದ ಭಾರೀ ಉದ್ಯಮಗಳು ಅದರ ಸುತ್ತ ಬೆಳೆದವು. ಹೆಂಚಿನ ಮಾಡುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿರುವುದನ್ನು ಕಂಡಾಗ, ಊರಿನ ಗುರುತಾಗಿದ್ದ ಕೆಂಪು ಬಣ್ಣ ಮಾಸುತ್ತಿದೆಯೆಂಬ ನೋವು ಸಹಜವೇ. ಅಳಿವೆಯ ಹಳೆಯ ಬಂದರಿನಲ್ಲಿ ಮಾತ್ರ ಮೀನುಗಾರಿಕೆಯ ದೋಣಿಗಳೂ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಸಣ್ಣ ಹಡಗುಗಳೂ ಈಗಲೂ ನಿಲ್ಲುತ್ತವೆ.