ಬಾಲವಿಲ್ಲದ ಇಲಿಯನ್ನು ಕೊಳ್ಳುವ ಮುನ್ನ

ಕಳೆದ ಮಳೆಗಾಲದಲ್ಲಿ ನನ್ನ ನಾದಿನಿ ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದಳು. ಎರಡನೇ ರಾತ್ರಿ ನೀರು ಕುಡಿಯಲೆಂದು ಎದ್ದು ನೋಡಿದರೆ, ಅವಳು ಹಾಸಿಗೆಯ ಮೇಲೆ ಕುಳಿತು ಬಲಗೈಯನ್ನು ಜೋರಾಗಿ ಕೊಡವುತ್ತಿದ್ದಳು. "ಏನಾಯಿತು?" ಎಂದು ಕೇಳಿದೆ. "ಏನಿಲ್ಲ ಅತ್ತಿಗೆ, ಜುಮ್ಮೆನ್ನುತ್ತದೆ. ಕೊಡವಿದರೆ ಸರಿಯಾಗುತ್ತದೆ" ಎಂದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಇವು ಮೂರೂ ಮರಗಟ್ಟಿದಂತಾಗುತ್ತಿದ್ದವಂತೆ. ಆರು ತಿಂಗಳಿನಿಂದ ಹೀಗೇ! ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಮೂರು ಅಂಗಡಿಗಳ ಲೆಕ್ಕಪತ್ರವನ್ನು ಮನೆಯಲ್ಲೇ ಕುಳಿತು ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತಾಳೆ. ಮಕ್ಕಳು ಮಲಗಿದ ಮೇಲೆ ಅವಳ ಕಛೇರಿ ಆರಂಭವಾಗುತ್ತದೆ. ಆ ಸಂಪಾದನೆಯಿಂದಲೇ ಮಕ್ಕಳ ಶಾಲಾ ಶುಲ್ಕ ಕಟ್ಟುತ್ತಾಳೆ. ಬೆರಳು ಮರಗಟ್ಟಿದರೆ ನಿಲ್ಲುವುದು ಬರೀ ಕೆಲಸವಲ್ಲ.

ಮರುದಿನ ಬಲವಂತದಿಂದ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗವಿದ್ದು, ಅದರ ಮೂಲಕ ಹಾದುಹೋಗುವ ನರವು ಒತ್ತಿಹೋಗಿದೆ ಎಂದರು ವೈದ್ಯರು. ಕಾರ್ಪಲ್ ಟನಲ್ ಎಂದು ಇದರ ಹೆಸರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇದನ್ನೆಲ್ಲ ಲ್ಯಾಪ್‌ಟಾಪ್‌ನ ತಲೆಗೇ ಕಟ್ಟುವಂತಿಲ್ಲ ಎಂದೂ ಅವರು ಹೇಳಿದರು. ತೆಂಗಿನಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ರೊಟ್ಟಿ ತಟ್ಟುವುದು ಎಲ್ಲವೂ ಅದೇ ಮಣಿಕಟ್ಟಿನ ಮೇಲೆ ಬೀಳುವ ಕೆಲಸಗಳು. ಇದರ ಮೇಲೆ ರಾತ್ರಿ ಮೂರು ಗಂಟೆ ಕಾಲ ಮಣಿಕಟ್ಟನ್ನು ಬಗ್ಗಿಸಿ ಟಚ್‌ಪ್ಯಾಡ್ ಉಜ್ಜಿದರೆ? ರಾತ್ರಿ ಮಲಗುವಾಗ ಕೈಗೆ ಪಟ್ಟಿ ಕಟ್ಟಲು ಕೊಟ್ಟು, ಮಣಿಕಟ್ಟು ನೇರವಾಗಿರುವಂತೆ ಕೆಲಸ ಮಾಡಿ, ಸಾಧ್ಯವಾದರೆ ಒಂದು ಮೌಸ್ ಇಟ್ಟುಕೊಳ್ಳಿ ಎಂದರು.

"ಮೌಸ್ ಇದೆಯಲ್ಲ!" ಎಂದಳು ನಾದಿನಿ. ಇತ್ತು ನಿಜ, ಕಪಾಟಿನೊಳಗೆ. ಅವಳ ಯಜಮಾನರು ರಿಯಾಯಿತಿ ಮಾರಾಟದಲ್ಲಿ ತಂದದ್ದು. ಏಳು ಬಣ್ಣದ ದೀಪ, ಆಟವಾಡುವವರಿಗೆಂದೇ ಮಾಡಿದ ಹತ್ತಾರು ಗುಂಡಿಗಳು. ಅದರ ಮೇಲೆ ಕೈಯಿಟ್ಟರೆ ಅವಳ ಬೆರಳ ತುದಿ ಗುಂಡಿಯ ಅರ್ಧಕ್ಕೂ ತಲುಪುತ್ತಿರಲಿಲ್ಲ. ಅವರು ಪ್ರೀತಿಯಿಂದಲೇ ತಂದಿದ್ದರು, ಸಂಶಯವಿಲ್ಲ. ಆದರೆ ಹೆಂಡತಿಗೆ ಚಪ್ಪಲಿ ತರುವಾಗ ಅಳತೆ ಕೇಳುವ ಗಂಡಸರಿಗೆ ಮೌಸ್‌ಗೂ ಅಳತೆಯಿದೆ ಎಂಬುದು ಹೊಳೆಯುವುದಿಲ್ಲ.

ಕೈಯ ಅಳತೆ ಮೊದಲು

ನಡುಬೆರಳ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಹೊಲಿಗೆಯ ಟೇಪಿನಿಂದ ಅಳೆದು ನೋಡಿ. ಸುಮಾರು 17 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ನಿಮ್ಮದು ಚಿಕ್ಕ ಕೈ. ನಮ್ಮಲ್ಲಿ ಅನೇಕರದ್ದು ಹೀಗೆಯೇ. ದೊಡ್ಡ ಮೌಸ್ ಹಿಡಿದರೆ ಬೆರಳನ್ನು ಎಳೆದು ಎಳೆದು ಒತ್ತಬೇಕಾಗುತ್ತದೆ. ಹಾಗೆಂದು ಪ್ರಯಾಣಕ್ಕೆಂದು ಮಾಡಿದ, ಬಿಸ್ಕತ್ತಿನಂತೆ ಚಪ್ಪಟೆಯಾದ ಮೌಸ್ ಕೂಡಾ ಬೇಡ. ಅದನ್ನು ಹಿಡಿಯಲು ಬೆರಳುಗಳನ್ನು ಪಂಜದಂತೆ ಮಡಚಬೇಕು. ಅಂಗೈ ಅದರ ಬೆನ್ನಿನ ಮೇಲೆ ಆರಾಮವಾಗಿ ಒರಗಬೇಕು, ಮಣಿಕಟ್ಟು ಮೇಲಕ್ಕೆ ಬಾಗದೆ ನೇರವಾಗಿರಬೇಕು, ಗುಂಡಿಯು ಮೆತ್ತಗೆ ಒತ್ತಿದರೆ ಕೆಲಸ ಮಾಡಬೇಕು. ಅಂಗಡಿಯಲ್ಲಿ ಪೆಟ್ಟಿಗೆ ತೆರೆದು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸೀರೆಯಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ನೋಡುವವರು ಇಲ್ಲಿ ಮಾತ್ರ ಯಾಕೆ ಸುಮ್ಮನಿರುತ್ತೇವೋ!

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಡಿಪಿಐ ಸಂಖ್ಯೆಗೆ ಮರುಳಾಗಬೇಡಿ. ಮೌಸನ್ನು ಒಂದಿಂಚು ಸರಿಸಿದರೆ ಪರದೆಯ ಮೇಲಿನ ಬಾಣ ಎಷ್ಟು ಓಡುತ್ತದೆ ಎಂಬುದರ ಲೆಕ್ಕವದು. ಪತ್ರ ಬರೆಯಲು, ಲೆಕ್ಕ ಮಾಡಲು, ಮಕ್ಕಳ ಪಾಠಕ್ಕೆ ಸಾವಿರದಷ್ಟಿದ್ದರೆ ಧಾರಾಳ. ಉಳಿದದ್ದು ಆಟದ ಹುಡುಗರಿಗೆ. ಬದಲಾಗಿ, ಶಬ್ದ ಮಾಡದ ಗುಂಡಿಯ ಮೌಸ್‌ಗಳಿವೆ, ಅವನ್ನು ಕೇಳಿ. ತೊಟ್ಟಿಲ ಪಕ್ಕದಲ್ಲಿ ಕುಳಿತು ಕೆಲಸ ಮಾಡುವವರಿಗೆ ಅದರ ಬೆಲೆ ಗೊತ್ತು. ಎಡಗೈಯವರು ಎರಡೂ ಬದಿ ಒಂದೇ ಆಕಾರವಿರುವುದನ್ನು ಆರಿಸಬೇಕು. ಎಡ-ಬಲ ಗುಂಡಿಗಳನ್ನು ಅದಲು ಬದಲು ಮಾಡುವ ವ್ಯವಸ್ಥೆ ವಿಂಡೋಸ್‌ನಲ್ಲಿಯೇ ಇದೆ.

ಅಂದಹಾಗೆ, ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬವರು 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಮೊದಲ ಮೌಸ್ ಒಂದು ಮರದ ಡಬ್ಬಿಯಾಗಿತ್ತು. 1968ರ ಡಿಸೆಂಬರ್‌ನಲ್ಲಿ ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಲಾಯಿತು. ಹಿಂದಿನಿಂದ ಹೊರಟ ತಂತಿ ಬಾಲದಂತೆ ಕಂಡದ್ದರಿಂದ ಇಲಿಯೆಂದರು. ಈಗ ಬಾಲ ಹೋಗಿದೆ, ಹೆಸರು ಉಳಿದಿದೆ.

ಬಾಲ ಹೋದ ಮೇಲೆ ಅದು ಲ್ಯಾಪ್‌ಟಾಪ್‌ನೊಂದಿಗೆ ಮಾತಾಡುವ ದಾರಿ ಎರಡು. ಒಂದು, ಲ್ಯಾಪ್‌ಟಾಪ್‌ನ ಯುಎಸ್‌ಬಿ ಕಿಂಡಿಗೆ ಚುಚ್ಚುವ ಉಗುರಿನಷ್ಟು ಗಾತ್ರದ ರಿಸೀವರ್. ಚುಚ್ಚಿದೊಡನೆ ಕೆಲಸ ಆರಂಭ, ಬೇರೇನೂ ಮಾಡಬೇಕಿಲ್ಲ. ಆದರೆ ಅದು ಕಳೆದುಹೋದರೆ? ನನ್ನ ಮೌಸ್‌ನದ್ದು ಹಾಗೇ ಹೋಯಿತು. ಮಗಳು ಲ್ಯಾಪ್‌ಟಾಪ್ ಕಾಲೇಜಿಗೆ ಒಯ್ದ ದಿನ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಗ್ಗದ ಮೌಸ್‌ಗಳಲ್ಲಿ ರಿಸೀವರ್ ಹೋಯಿತೆಂದರೆ ಸಾಮಾನ್ಯವಾಗಿ ಮೌಸ್ ಕೂಡಾ ಹೋದಂತೆ. ಬೇರೆಯದು ಅದಕ್ಕೆ ಹೊಂದುವುದಿಲ್ಲ. ಲಾಜಿಟೆಕ್‌ನ ಯೂನಿಫೈಯಿಂಗ್, ಬೋಲ್ಟ್‌ನಂಥ ಕೆಲವು ಬಗೆಗಳಲ್ಲಿ ಮಾತ್ರ ಅದೇ ಬಗೆಯ ಹೊಸ ರಿಸೀವರ್ ತಂದು ಜೋಡಿಸಬಹುದು. ಬಳಸದಾಗ ರಿಸೀವರನ್ನು ಮೌಸ್‌ನ ಹೊಟ್ಟೆಯೊಳಗೇ ಇಡುವ ಜಾಗವಿದೆಯೇ ಎಂದು ಕೊಳ್ಳುವಾಗಲೇ ನೋಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಬಾಯಿಗೆ ಹೋಗುವಷ್ಟು ಚಿಕ್ಕದು ಎಂಬುದನ್ನೂ ಮರೆಯಬೇಡಿ.

ಇನ್ನೊಂದು ದಾರಿ ಬ್ಲೂಟೂತ್. ಇದಕ್ಕೆ ಕಿಂಡಿಯೂ ಬೇಡ, ರಿಸೀವರೂ ಬೇಡ. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಕಿಂಡಿಗಳಷ್ಟೇ ಇರುವುದುಂಟು, ಅವುಗಳಿಗೆ ಇದೇ ಅನುಕೂಲ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ನಿದ್ದೆ ಹೋಗಿ, ಮತ್ತೆ ಎಚ್ಚರಗೊಳ್ಳಲು ಒಂದೆರಡು ಕ್ಷಣ ತೆಗೆದುಕೊಳ್ಳುತ್ತದೆ. ಅಷ್ಟು ತಾಳ್ಮೆ ನಮಗಿದೆ. ಲ್ಯಾಪ್‌ಟಾಪ್‌ನಲ್ಲಿ ಬ್ಲೂಟೂತ್ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಎರಡೂ ದಾರಿಯಿರುವ ಮೌಸ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ರಿಸೀವರ್ ಚುಚ್ಚಿದ ಮೇಲೂ ಬಾಣವು ತಡವರಿಸಿದರೆ, ಮೌಸ್ ಕೆಟ್ಟಿತೆಂದು ಎಸೆಯಬೇಡಿ. ಪಕ್ಕದಲ್ಲೇ ಯುಎಸ್‌ಬಿ 3.0 ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಇದೆಯೇ ನೋಡಿ. ಅವು ಹೊರಡಿಸುವ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ ಕಂಪೆನಿ 2012ರಲ್ಲೇ ತಿಳಿಸಿತ್ತು. ರಿಸೀವರನ್ನು ಇನ್ನೊಂದು ಬದಿಯ ಕಿಂಡಿಗೆ ಬದಲಾಯಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಬ್ಯಾಂಕಿನ ವ್ಯವಹಾರ ಮಾಡುವವರು ಇನ್ನೊಂದು ಸಂಗತಿ ತಿಳಿದಿರಬೇಕು. 2016ರಲ್ಲಿ ಬಾಸ್ಟಿಲ್ ಎಂಬ ಭದ್ರತಾ ಸಂಸ್ಥೆಯವರು, ಬ್ಲೂಟೂತ್ ಅಲ್ಲದ ಹಲವು ಕಂಪೆನಿಗಳ ಮೌಸ್ ರಿಸೀವರ್‌ಗಳ ಮೂಲಕ ದೂರದಿಂದಲೇ ಕಂಪ್ಯೂಟರಿಗೆ ಕೀಲಿ ಒತ್ತಿದಂತೆ ಆದೇಶ ಕಳಿಸಬಹುದೆಂದು ತೋರಿಸಿಕೊಟ್ಟರು. ಕೆಲವು ಕಂಪೆನಿಗಳು ತಿದ್ದುಪಡಿ ಹೊರತಂದವು. ಹೆದರಬೇಕಾಗಿಲ್ಲ, ಆದರೆ ಯಾರದೋ ಹಳೆಯ ರಿಸೀವರ್, ಹೆಸರೇ ಇಲ್ಲದ ಮೌಸ್ ಇವುಗಳಿಂದ ದೂರವಿರುವುದು ಮೇಲು.

ಶೆಲ್ ವಿಷಯ. ಒಂದು ಡಬಲ್ ಎ ಶೆಲ್‌ನಲ್ಲಿ ತಿಂಗಳುಗಟ್ಟಲೆ ಓಡುವ ಮೌಸ್ ಗೃಹಿಣಿಯರಿಗೆ ಸುಲಭ. ಶೆಲ್ ಬೀದಿಯಂಗಡಿಯಲ್ಲೂ ಸಿಗುತ್ತದೆ. ಆಲ್ಕಲೈನ್ ಹಾಕಿ. ರಜೆಗೆ ತವರಿಗೆ ಹೋಗುವಾಗ ಶೆಲ್ ಹೊರತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗಿನ ತಗಡಿಗೆ ತುಕ್ಕು ಹಿಡಿಯುತ್ತದೆ. ಚಾರ್ಜ್ ಮಾಡುವ ಮೌಸ್‌ಗಳೂ ಇವೆ. ಅದರಲ್ಲಿ ಚಾರ್ಜ್ ಮಾಡುತ್ತಲೇ ಬಳಸಬಹುದೇ ಎಂದು ಕೇಳಬೇಕು. ಆಪಲ್ ಕಂಪೆನಿಯು 2015ರಲ್ಲಿ ತಂದ ಮ್ಯಾಜಿಕ್ ಮೌಸ್‌ನ ಚಾರ್ಜಿನ ಕಿಂಡಿ ಹೊಟ್ಟೆಯ ಕೆಳಗಿದೆ. ಚಾರ್ಜಿಗಿಟ್ಟರೆ ಅಂಗಾತ ಮಲಗಿಸಲೇಬೇಕು!

ನಾದಿನಿ ತಾನೇ ಅಂಗಡಿಗೆ ಬಂದು, ನಾಲ್ಕು ಮೌಸ್ ಹಿಡಿದು ನೋಡಿ, ಸಾವಿರ ರೂಪಾಯಿಯೊಳಗಿನ ಒಂದನ್ನು ಆರಿಸಿದಳು. ಮನೆಗೆ ಹೋಗಿ ಎರಡೇ ದಿನದಲ್ಲಿ ಫೋನ್. "ಅತ್ತಿಗೆ, ಇದು ಕೆಲಸ ಮಾಡುವುದಿಲ್ಲ!" ಎಲ್ಲಿಟ್ಟಿದ್ದೀ ಎಂದೆ. ಊಟದ ಮೇಜಿನ ಮೇಲೆ. ಗಾಜಿನ ಮೇಜು! ಮೌಸ್ ತನ್ನ ಕೆಳಗಿನ ಜಾಗವನ್ನು ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಚಿತ್ರ ತೆಗೆದು, ಎತ್ತ ಸರಿದೆನೆಂದು ತಿಳಿದುಕೊಳ್ಳುತ್ತದೆ. ಪಾರದರ್ಶಕ ಗಾಜಿನಲ್ಲಿ ಅದಕ್ಕೆ ಗುರುತು ಸಿಗುವುದಿಲ್ಲ. ಮಗನ ಹಳೆಯ ನೋಟ್‌ಪುಸ್ತಕವೊಂದನ್ನು ಕೆಳಗಿಡು ಎಂದೆ. ಸರಿಹೋಯಿತು.

ಕೈ ಪೂರ್ತಿ ಗುಣವಾಗಿಲ್ಲ. ರಾತ್ರಿ ಪಟ್ಟಿ ಕಟ್ಟಿಯೇ ಮಲಗುತ್ತಾಳೆ, ಅರ್ಧ ಗಂಟೆಗೊಮ್ಮೆ ಎದ್ದು ಕೈಯಾಡಿಸುತ್ತಾಳೆ, ತೆಂಗಿನಕಾಯಿ ತುರಿಯುವ ಕೆಲಸ ಯಜಮಾನರ ಪಾಲಿಗೆ ಹೋಗಿದೆ. ಆದರೆ ನಡುರಾತ್ರಿ ಎದ್ದು ಕೂರುವುದು ಕಡಿಮೆಯಾಗಿದೆಯಂತೆ. ಏಳು ಬಣ್ಣದ ಆ ಮೌಸ್ ಈಗ ಹೈಸ್ಕೂಲಿನಲ್ಲಿರುವ ದೊಡ್ಡ ಮಗನ ಬಳಿಯಿದೆ. ಅವನ ಕೈಗೆ ಅದು ಸರಿಯಾಗಿ ಕೂರುತ್ತದೆ.